ಬೇಡಿಕೆಯುಳ್ಳ ಉದ್ಯೋಗಗಳು

ಪರೀಕ್ಷೆಯ ಫಲಿತಾಂಶಗಳು ಪ್ರಕಟವಾಗುವ ಕಾಲದಲ್ಲಿ ನಮ್ಮ ಪಟ್ಟಣಗಳ ಮನೆಮನೆಯಲ್ಲಿಯೂ ಒಂದೇ ಪ್ರಶ್ನೆ ಕೇಳಿಬರುತ್ತದೆ: ಹುಡುಗನನ್ನು ಯಾವ ಓದಿಗೆ ಹಾಕಿದರೆ ಒಳ್ಳೆಯ ಸಂಬಳದ ಕೆಲಸ ಸಿಕ್ಕುತ್ತದೆ? ಹುಡುಗಿಯ ವಿಷಯದಲ್ಲಿಯೂ ಈಗ ಇದೇ ಪ್ರಶ್ನೆ ಏಳುತ್ತಿರುವುದು ಸಂತೋಷದ ಸಂಗತಿ. ವಿದ್ಯೆಯನ್ನು ಹಣದಿಂದ ಅಳೆಯಬಾರದೆಂದು ನಾವು ಅಧ್ಯಾಪಕರು ಉಪದೇಶಮಾಡುವುದು ಸುಲಭ. ಆದರೆ ಬಾಣಂತನಕ್ಕೆಂದೂ ಮದುವೆಗೆಂದೂ ಕೂಡಿಟ್ಟ ಒಡವೆಯನ್ನು ಅಡವಿಟ್ಟು, ಅದೂ ಸಾಲದೆ ಬ್ಯಾಂಕಿನ ಸಾಲವನ್ನು ತಲೆಯ ಮೇಲೆ ಹೊತ್ತು ಮಕ್ಕಳನ್ನು ಓದಿಸುವ ತಂದೆತಾಯಿಗಳಿಗೆ ಈ ಪ್ರಶ್ನೆಯನ್ನು ಕೇಳುವ ಹಕ್ಕು ಪೂರ್ಣವಾಗಿ ಉಂಟು. ಪ್ರಶ್ನೆ ತಪ್ಪಲ್ಲ, ಅದನ್ನು ನಾವು ಕೇಳುವ ರೀತಿ ಸ್ವಲ್ಪ ಅವಸರದ್ದು. "ಈ ವರ್ಷ ಯಾವುದಕ್ಕೆ ಬೇಡಿಕೆ?" ಎಂದು ಕೇಳುತ್ತೇವೆ. ಓದು ಮುಗಿಯುವುದು ನಾಲ್ಕು ವರ್ಷಗಳ ಮೇಲೆ. ಕೆಲಸ ಮಾಡಬೇಕಾದುದು ಅಲ್ಲಿಂದ ಮುಂದೆ ಮೂವತ್ತೈದು ವರ್ಷ. ಆದುದರಿಂದ ಬೇಡಿಕೆಯೆಂಬುದು ಹೇಗೆ ಹುಟ್ಟುತ್ತದೆ, ಹೇಗೆ ಇಳಿಯುತ್ತದೆ ಎಂಬುದನ್ನು ವಿಚಾರಮಾಡಿ ನೋಡುವುದು ಪ್ರಯೋಜನಕರ.

ಇದಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ಮೈಸೂರು ಸೀಮೆಯ ಚರಿತ್ರೆಯೇ ಸಾಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿನ ವಿದ್ಯಾವಂತನಿಗೆ ಉದ್ಯೋಗವೆಂದರೆ ಬಹುಮಟ್ಟಿಗೆ ಸರ್ಕಾರದ ಕಚೇರಿಯೇ. ಗುಮಾಸ್ತೆಯಾಗಿ ಸೇರಿ, ಶಿರಸ್ತೇದಾರನಾಗಿ, ಪುಣ್ಯವಿದ್ದರೆ ಅಮಲ್ದಾರನಾಗುವುದೇ ಮಹತ್ವಾಕಾಂಕ್ಷೆಯ ಎಲ್ಲೆ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ತೊಂಬತ್ತು ಮೈಲಿಗೂ ಹೆಚ್ಚು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುಚ್ಛಕ್ತಿ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ತಂತಿ ಎಳೆಯುವವನು, ಯಂತ್ರ ಕಾಯುವವನು, ಲೆಕ್ಕಾಚಾರ ಹಾಕುವ ಇಂಜಿನಿಯರು, ಇಂಥವರೆಲ್ಲ ಒಮ್ಮೆಗೇ ಬೇಕಾದರು. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ೧೯೧೧ರಲ್ಲಿ ಆರ್ಥಿಕ ಸಮ್ಮೇಳನ, ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೭ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಸ್ಥಾಪಿತವಾದುವು. ೧೯೨೩ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸವನ್ನು ಪ್ರಾರಂಭಿಸಿತು. ೧೯೪೦ರಲ್ಲಿ ವಿಮಾನದ ಕಾರ್ಖಾನೆಯೂ, ೧೯೫೩ರಲ್ಲಿ ಎಚ್.ಎಂ.ಟಿ.ಯೂ ಬಂದುವು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಶಾಖೆಯನ್ನು ತೆರೆಯಿತು. ಪ್ರತಿಯೊಂದು ಹೆಜ್ಜೆಯೂ ಅದರ ಹಿಂದಿನ ತಲೆಮಾರು ಹೆಸರನ್ನೇ ಕೇಳಿರದ ಉದ್ಯೋಗಗಳನ್ನು ಸೃಷ್ಟಿಸಿತು.

ಬಂದದ್ದರ ಲೆಕ್ಕವನ್ನು ಹೇಳಿದ ಮೇಲೆ ಹೋದದ್ದರ ಲೆಕ್ಕವನ್ನೂ ಹೇಳಬೇಕಷ್ಟೆ. ನೂರಿಪ್ಪತ್ತು ವರ್ಷ ಚಿನ್ನವನ್ನು ಕೊಟ್ಟ ಕೋಲಾರದ ಗಣಿಗಳು ೨೦೦೧ರಲ್ಲಿ ಮುಚ್ಚಿದುವು. ಒಂದು ಕಾಲದಲ್ಲಿ ಮದುಮಗನ ಕೈಗೆ ಶೋಭೆಯಾಗಿದ್ದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ೨೦೧೬ರಲ್ಲಿ ನಿಂತಿತು. ಈ ಎರಡರ ಮುಂದಿನ ಕಥೆ ಮಾತ್ರ ಬೇರೆಬೇರೆ. ಗಣಿಯ ಸುರಂಗ ಸುಮಾರು ಮೂರು ಸಾವಿರದ ಇನ್ನೂರು ಮೀಟರಿನಷ್ಟು ಆಳಕ್ಕೆ ಇಳಿದಿತ್ತು. ಆ ಪಾತಾಳದಲ್ಲಿ ಬಂಡೆ ಸೀಳುವ ಚಾತುರ್ಯ ಸಾಮಾನ್ಯವಾದುದಲ್ಲ. ಆದರೆ ಅದನ್ನು ಕೊಳ್ಳುವ ಇನ್ನೊಬ್ಬ ಯಜಮಾನ ಆ ಸುತ್ತಿನಲ್ಲಿ ಇರಲಿಲ್ಲ. ಆ ಊರಿನ ಸಹಸ್ರಾರು ಜನ ಪ್ರತಿದಿನ ಬೆಳಗಿನ ಜಾವದ ರೈಲು ಹಿಡಿದು, ಸಿಕ್ಕಿದ ಕೆಲಸಕ್ಕಾಗಿ ಬೆಂಗಳೂರಿಗೆ ಬರುವಂತಾಯಿತು. ಎಚ್.ಎಂ.ಟಿ., ಎಚ್.ಎ.ಎಲ್. ಮೊದಲಾದ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡವರ ಗತಿ ಹಾಗಾಗಲಿಲ್ಲ. ಅವರಲ್ಲಿ ಅನೇಕರು ಪೀಣ್ಯದಲ್ಲಿ ಒಂದು ಲೇತು, ಎರಡು ಲೇತು ಇಟ್ಟುಕೊಂಡು ತಾವೇ ಯಜಮಾನರಾದರು. ಕೂದಲೆಳೆಯ ಹತ್ತರಲ್ಲೊಂದು ಭಾಗದಷ್ಟು ನಿಖರವಾಗಿ ಲೋಹವನ್ನು ಕಡೆಯುವ ವಿದ್ಯೆ ಗಡಿಯಾರಕ್ಕೂ ಬೇಕು, ಮೋಟಾರಿಗೂ ಬೇಕು, ವಿಮಾನಕ್ಕೂ ಬೇಕು. ಬೆಳಗಾವಿಯಲ್ಲಿಯೂ ಹೀಗೆಯೇ. ಎರಕದ ಕೆಲಸದಲ್ಲಿಯೂ ಯಂತ್ರಭಾಗಗಳಲ್ಲಿಯೂ ಹೆಸರಾದ ಆ ಊರಿನ ಸಮೀಪದ ಹತ್ತರಗಿಯಲ್ಲಿ ೨೦೦೯ರಿಂದೀಚೆಗೆ ವಿಮಾನದ ಬಿಡಿಭಾಗಗಳು ತಯಾರಾಗುತ್ತಿವೆ. ಕಾರ್ಖಾನೆ ಮುಚ್ಚಿಹೋಗಬಹುದು; ಅಲ್ಲಿ ಕಲಿತ ವಿದ್ಯೆ ಹೊಸಿಲು ದಾಟಿ ಹೊರಗೆ ಬರಬಲ್ಲುದೇ ಎಂಬುದೇ ಮುಖ್ಯ. ಇಂದಿನ ನನ್ನ ಮಾತಿನ ಸಾರವೂ ಇಷ್ಟೇ.

ಒಂದು ಕೆಲಸಕ್ಕೆ ಹೆಚ್ಚು ಸಂಬಳ ಬರುವುದಕ್ಕೆ ಸ್ಥೂಲವಾಗಿ ಮೂರು ಕಾರಣಗಳುಂಟು. ಮೊದಲನೆಯದು, ಆ ವಿದ್ಯೆಯನ್ನು ಕಲಿಯುವುದಕ್ಕೆ ಬಹುಕಾಲ ಹಿಡಿಯುವುದರಿಂದ ಬಲ್ಲವರು ಕೆಲವರೇ ಇರುವುದು. ಎರಡನೆಯದು, ಆ ಕೆಲಸದಲ್ಲಿ ತಪ್ಪಾದರೆ ಆಗುವ ನಷ್ಟ ಅಪಾರವಾಗಿರುವುದು. ಮೂರನೆಯದು, ಬೇಡಿಕೆ ಹಠಾತ್ತಾಗಿ ಏರಿ, ಅದನ್ನು ಪೂರೈಸುವಷ್ಟು ಜನ ಇನ್ನೂ ತಯಾರಾಗಿರದೆ ಇರುವುದು. ಮೊದಲೆರಡು ಕಾರಣಗಳಿಂದ ಬರುವ ಸಂಬಳ ಬಾವಿಯ ನೀರು. ಮೂರನೆಯದು ಮಳೆಯ ಹೊಳೆ. ಆದರೆ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗುವುದೂ, ಮದುವೆ ಮನೆಗಳಲ್ಲಿ ಮಾತಿಗೆ ವಿಷಯವಾಗುವುದೂ ಬಹುಮಟ್ಟಿಗೆ ಈ ಮೂರನೆಯದೇ.

ಇದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಹಳೆಯ ಗಣಕಯಂತ್ರಗಳಲ್ಲಿ ಇಸವಿಯನ್ನು ಎರಡೇ ಅಂಕಿಗಳಿಂದ ಗುರುತಿಸುತ್ತಿದ್ದುದರಿಂದ, ೨೦೦೦ವನ್ನು ಅವು ೧೯೦೦ ಎಂದು ಭ್ರಮಿಸಿ ಲೆಕ್ಕವನ್ನೆಲ್ಲ ಕೆಡಿಸುವುವೆಂಬ ಭೀತಿ ೧೯೯೯ರಲ್ಲಿ ಲೋಕವನ್ನೆಲ್ಲ ಆವರಿಸಿತು. ಕೋಬಾಲ್ ಎಂಬ ಹಳೆಯ ಗಣಕಭಾಷೆಯನ್ನು ಬಲ್ಲವರಿಗೆ ಎಲ್ಲಿಲ್ಲದ ಮರ್ಯಾದೆ ಬಂದಿತು. ಅದನ್ನು ಕಲಿಸುವ ಶಾಲೆಗಳು ಬೀದಿಬೀದಿಯಲ್ಲಿ ಹುಟ್ಟಿದುವು. ವರ್ಷ ತಿರುಗಿತು, ಭೀತಿ ಕಳೆಯಿತು, ೨೦೦೧ರ ವೇಳೆಗೆ ಸಾಫ್ಟ್‌ವೇರ್ ವ್ಯಾಪಾರವೇ ಕುಗ್ಗಿತು. ಆ ಕಾಲದಲ್ಲಿಯೇ ಅಮೆರಿಕದ ವೈದ್ಯರು ಹೇಳಿದ ಮಾತನ್ನು ಕೇಳಿ ಬೆರಳಚ್ಚು ಮಾಡುವ ಉದ್ಯೋಗವೂ ಬೆಂಗಳೂರಿನಲ್ಲಿ ಬಹಳ ಪ್ರಚಾರಕ್ಕೆ ಬಂದಿತು. ಅನೇಕ ಪದವೀಧರರು ಶುಲ್ಕ ಕೊಟ್ಟು ಅದನ್ನು ಕಲಿತರು. ಮಾತನ್ನು ತಾನೇ ಕೇಳಿ ಬರೆದುಕೊಳ್ಳಬಲ್ಲ ಯಂತ್ರಗಳು ಬಂದಮೇಲೆ ಆ ಉದ್ಯೋಗದ ಬೆಲೆ ಇಳಿಯುತ್ತ ಹೋಯಿತು. ಸಾಫ್ಟ್‌ವೇರ್ ಉದ್ಯೋಗದಲ್ಲಿಯೇ ನೋಡಿ: ದೊಡ್ಡ ಸೇವಾಸಂಸ್ಥೆಗಳಲ್ಲಿ ಹೊಸ ಇಂಜಿನಿಯರಿಗೆ ದೊರೆಯುವ ಪ್ರಾರಂಭದ ಸಂಬಳ ಹತ್ತಾರು ವರ್ಷಗಳಿಂದ ವರ್ಷಕ್ಕೆ ಮೂರು ನಾಲ್ಕು ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿಯೇ ನಿಂತಿದೆ. ಅಷ್ಟರಲ್ಲಿ ಬೆಂಗಳೂರಿನ ಮನೆ ಬಾಡಿಗೆ ನಿಲ್ಲಲಿಲ್ಲ. ಎಲ್ಲರೂ ಒಂದೇ ಬಾಗಿಲಿಗೆ ನುಗ್ಗಿದರೆ ಬಾಗಿಲು ಕಾಯುವವನಿಗೆ ಬೆಲೆ ಹೆಚ್ಚುತ್ತದೆಯೇ ಹೊರತು ನುಗ್ಗುವವರಿಗಲ್ಲ.

ಹಾಗಾದರೆ ಬಾವಿಯ ನೀರಿನಂಥ ಉದ್ಯೋಗಗಳು ಯಾವುವು? ಮೂರನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ.

ಒಂದು, ಡೈ ಮತ್ತು ಅಚ್ಚುಗಳನ್ನು ತಯಾರಿಸುವ ಕೆಲಸ. ನಾವು ಬಳಸುವ ಬಕೆಟ್ಟಿನಿಂದ ಹಿಡಿದು ಮೋಟಾರು ಬಂಡಿಯ ಬಾಗಿಲಿನವರೆಗೆ ಪ್ರತಿಯೊಂದಕ್ಕೂ ಒಂದು ಅಚ್ಚಿರುತ್ತದೆ. ಅಚ್ಚಿನಲ್ಲಿ ಎಳ್ಳಿನಷ್ಟು ದೋಷವಿದ್ದರೆ ಅದರಿಂದ ಬರುವ ಲಕ್ಷ ವಸ್ತುಗಳಲ್ಲಿಯೂ ಆ ದೋಷ ಉಳಿಯುತ್ತದೆ. ೧೯೭೨ರಲ್ಲಿ ಡೆನ್ಮಾರ್ಕ್ ದೇಶದ ನೆರವಿನಿಂದ ಬೆಂಗಳೂರಿನಲ್ಲಿ ಪ್ರಾರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂದು ರಾಜ್ಯದ ಅನೇಕ ಊರುಗಳಲ್ಲಿ ಶಾಖೆಗಳನ್ನು ಪಡೆದಿದೆ. ಹತ್ತನೆಯ ತರಗತಿ ಮುಗಿಸಿದವರು ಅಲ್ಲಿ ನಾಲ್ಕು ವರ್ಷ ಕಲಿಯುತ್ತಾರೆ. ಅದರಲ್ಲಿ ಒಂದು ವರ್ಷ ಕಾರ್ಖಾನೆಯಲ್ಲಿಯೇ ಕಳೆಯುತ್ತದೆ. ಪ್ರಾರಂಭದ ಸಂಬಳ ಕಣ್ಣು ಕುಕ್ಕುವಂಥದಲ್ಲ. ಆದರೆ ವರ್ಷ ಕಳೆದಂತೆ ಈ ಕೈಗೆ ಬೆಲೆ ಏರುತ್ತದೆ, ಇಳಿಯುವುದಿಲ್ಲ. ಕೈಗೆ ಎಣ್ಣೆ ಮೆತ್ತಿಕೊಳ್ಳುವ ಕೆಲಸವೆಂದು ನಮ್ಮ ವಿದ್ಯಾವಂತ ಕುಟುಂಬಗಳು ಇದನ್ನು ಕಡೆಗಣಿಸುತ್ತಿವೆ. ಗುಮಾಸ್ತೆಯ ಮೇಜಿನ ಮೋಹ ಹೋಯಿತೆಂದು ಹೇಳುತ್ತೇವೆ; ಮೇಜು ಹೊಸದಾಗಿದೆ, ಮೋಹ ಹಳೆಯದೇ.

ಎರಡು, ಗಣಕಯಂತ್ರಗಳ ಒಳಗಿರುವ ಚಿಪ್ಪುಗಳ ವಿನ್ಯಾಸ. ೧೯೮೫ರಲ್ಲಿ ಬೇರೂರಿದ ಈ ವಿದ್ಯೆಗೆ ಬೆಂಗಳೂರು ಇಂದು ಲೋಕದ ಮುಖ್ಯ ಕೇಂದ್ರಗಳಲ್ಲೊಂದು. ಇದರಲ್ಲಿ ಹೊರಗಿನವರಿಗೆ ತಿಳಿಯದ ಒಂದು ಸ್ವಾರಸ್ಯವುಂಟು. ಚಿಪ್ಪನ್ನು ರಚಿಸುವುದಕ್ಕಿಂತ, ರಚಿಸಿದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವುದಕ್ಕೆ ಹೆಚ್ಚು ಶ್ರಮ ಬೇಕು. ಕಾಗದದ ಮೇಲಿನ ತಪ್ಪನ್ನು ಅಳಿಸಬಹುದು. ಒಮ್ಮೆ ಸಿಲಿಕಾನಿನಲ್ಲಿ ಮೂಡಿದ ತಪ್ಪು ಕೋಟಿಗಟ್ಟಲೆ ಹಣವನ್ನೂ ಅನೇಕ ತಿಂಗಳುಗಳನ್ನೂ ನುಂಗುತ್ತದೆ. ಆದುದರಿಂದ ಸಂಶಯಪಡಬಲ್ಲ ಬುದ್ಧಿಗೆ, ಅಂದರೆ ಎಲ್ಲಿ ತಪ್ಪಾಗಬಹುದೆಂದು ಮೊದಲೇ ಊಹಿಸಬಲ್ಲವರಿಗೆ, ಅಲ್ಲಿ ಒಳ್ಳೆಯ ಸಂಬಳ. ಈ ಬುದ್ಧಿ ಪ್ರಶ್ನೋತ್ತರಗಳನ್ನು ಉರುಹೊಡೆದು ತೇರ್ಗಡೆಯಾದವರಿಗೆ ಬರುವಂಥದಲ್ಲ. ಗಣಿತವನ್ನೂ ವಿದ್ಯುಚ್ಛಾಸ್ತ್ರವನ್ನೂ ಬುಡದಿಂದ ಕಲಿತವರ ಸೊತ್ತು ಅದು.

ಮೂರು, ದಾದಿಯರ ಉದ್ಯೋಗ. ಮಂಗಳೂರು, ಬೆಂಗಳೂರುಗಳಲ್ಲಿ ನರ್ಸಿಂಗ್ ಕಾಲೇಜುಗಳು ಹೇರಳವಾಗಿವೆ. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ ಅನೇಕವು ಇವರಿಗೆ ಕೊಡುವ ಸಂಬಳ ಅವರ ಶ್ರಮಕ್ಕೆ ತಕ್ಕುದಾಗಿಲ್ಲವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ಜನರು ಮುದಿಯಾಗುತ್ತಿರುವ ಐರೋಪ್ಯ ದೇಶಗಳಲ್ಲಿ ಈ ವಿದ್ಯೆಗೆ ನಿಜವಾದ ಮರ್ಯಾದೆ ದೊರೆಯುತ್ತಿದೆ. ಜರ್ಮನಿಯಲ್ಲಿ ಪೂರ್ಣ ಮಾನ್ಯತೆ ಪಡೆಯುವುದಕ್ಕೆ ಬಿ-೨ ಮಟ್ಟದವರೆಗೆ ಆ ಭಾಷೆಯನ್ನು ಸಾಮಾನ್ಯವಾಗಿ ಕಲಿಯಬೇಕಾಗುತ್ತದೆ. ಪರಭಾಷೆಯೊಂದನ್ನು ಶ್ರದ್ಧೆಯಿಂದ ಕಲಿತರೆ ಸಂಬಳ ಹಲವು ಪಟ್ಟು ಹೆಚ್ಚುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಕಾಯಿಲೆಯವನ ಹಣೆಯ ಮೇಲೆ ಕೈಯಿಟ್ಟು ಅವನ ಸ್ಥಿತಿಯನ್ನು ಅರಿಯುವ ಕೆಲಸವನ್ನು ಯಂತ್ರ ಬೇಗನೆ ಕಸಿದುಕೊಳ್ಳಲಾರದು. ೨೦೨೨ರಿಂದೀಚೆಗೆ ಬರೆಯಬಲ್ಲ, ಲೆಕ್ಕಿಸಬಲ್ಲ, ಸಾಫ್ಟ್‌ವೇರನ್ನೂ ರಚಿಸಬಲ್ಲ ಯಂತ್ರಬುದ್ಧಿ ಜನಸಾಮಾನ್ಯರ ಕೈಗೆ ಬಂದಿರುವಾಗ ಈ ಮಾತಿಗೆ ಮಹತ್ವ ಹೆಚ್ಚಿದೆ.

ಈ ಮೂರೂ ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುತ್ತವೆ. ಒಬ್ಬನ ಕೈಯಲ್ಲಿ ಉಕ್ಕು, ಇನ್ನೊಬ್ಬನ ಮುಂದೆ ನಕ್ಷೆ, ಮತ್ತೊಬ್ಬಳ ಎದುರಿಗೆ ರೋಗಿ. ಆದರೆ ಮೂರಕ್ಕೂ ಸಮಾನವಾದ ಗುಣಗಳುಂಟು. ಕಲಿಯುವುದಕ್ಕೆ ಅಡ್ಡದಾರಿಯಿಲ್ಲ, ತಪ್ಪಿಗೆ ಭಾರಿ ಬೆಲೆ, ಕಲಿತದ್ದು ಒಬ್ಬ ಯಜಮಾನನಿಗೆ ಅಂಟಿಕೊಂಡಿಲ್ಲ. ಆದುದರಿಂದ ಒಂದು ಕೋರ್ಸನ್ನು ಆರಿಸಿಕೊಳ್ಳುವ ಮೊದಲು ತಂದೆತಾಯಿಗಳು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬಹುದು. ಆರು ತಿಂಗಳಲ್ಲಿ ಯಾರು ಬೇಕಾದರೂ ಇದನ್ನು ಕಲಿಯಬಹುದೆ? ಹಾಗಿದ್ದರೆ ಆರು ತಿಂಗಳಲ್ಲಿ ಎಲ್ಲರೂ ಕಲಿತುಬಿಡುತ್ತಾರೆ. ಈ ಸಂಸ್ಥೆ ನಾಳೆ ಮುಚ್ಚಿದರೆ ಈ ವಿದ್ಯೆಯನ್ನು ಇನ್ನಾರು ಕೊಳ್ಳುತ್ತಾರೆ? ಬಾಡಿಗೆ, ಊಟ, ಪ್ರಯಾಣಗಳನ್ನು ಕಳೆದ ಮೇಲೆ ತಿಂಗಳ ಕೊನೆಯಲ್ಲಿ ಕೈಯಲ್ಲಿ ಉಳಿಯುವುದೆಷ್ಟು? ಈ ಕೊನೆಯ ಲೆಕ್ಕವನ್ನು ಹಾಕಿ ನೋಡಿದರೆ ಮೈಸೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ದೊರೆಯುವ ಸ್ವಲ್ಪ ಕಡಮೆ ಸಂಬಳ, ಬೆಂಗಳೂರಿನ ದೊಡ್ಡ ಸಂಬಳಕ್ಕಿಂತ ಭಾರವಾಗಿ ತೂಗುವುದುಂಟು.

ನಾಲ್ಕನೆಯ ಪ್ರಶ್ನೆಯೊಂದನ್ನು ತಂದೆತಾಯಿಗಳಲ್ಲ, ಮಕ್ಕಳೇ ಕೇಳಿಕೊಳ್ಳಬೇಕು: ಈ ಕೆಲಸವನ್ನು ಮೂವತ್ತೈದು ವರ್ಷ ಮಾಡುವ ತಾಳ್ಮೆ ನನಗುಂಟೆ? ಮನಸ್ಸಿಲ್ಲದ ಕೆಲಸದಲ್ಲಿ ನೈಪುಣ್ಯ ಬರುವುದಿಲ್ಲ; ನೈಪುಣ್ಯವಿಲ್ಲದೆಡೆ ಸಂಬಳವೂ ಬಹುಕಾಲ ನಿಲ್ಲುವುದಿಲ್ಲ. ಆಸಕ್ತಿ ಬೇರೆ, ವರಮಾನ ಬೇರೆ ಎಂದು ನಾವು ವಾದಿಸುತ್ತ ಬಂದಿದ್ದೇವೆ. ದೀರ್ಘಕಾಲದ ಲೆಕ್ಕದಲ್ಲಿ ಅವೆರಡೂ ಅಷ್ಟು ದೂರದ ನೆಂಟರಲ್ಲ.

ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅದು ಒಕ್ಕಲಿಗನ ಅನುಭವದ ಮಾತು. ಅದನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಈಗ ನಮ್ಮ ನಾಡಿನಲ್ಲಿ ಗಾಳಿ ಚೆನ್ನಾಗಿಯೇ ಬೀಸುತ್ತಿದೆ. ಆದರೆ ತೂರುವುದಕ್ಕೆ ಮೊದಲು ಉಳುವುದು, ಬಿತ್ತುವುದು, ಕಳೆ ಕೀಳುವುದು, ಕಣ ಮಾಡುವುದು ಎಲ್ಲ ಆಗಿರಬೇಕು. ಮೊರದಲ್ಲಿ ಕಾಳಿದ್ದವನಿಗೆ ಗಾಳಿ ಹೊಟ್ಟನ್ನು ಹಾರಿಸಿಕೊಡುತ್ತದೆ. ಬರಿಯ ಹೊಟ್ಟನ್ನು ತುಂಬಿಕೊಂಡು ನಿಂತವನಿಗೆ ಅದೇ ಗಾಳಿ ಮೊರವನ್ನು ಬರಿದುಮಾಡಿ ಹೋಗುತ್ತದೆ.