ಕ್ರೈಸ್ತ ಸಭೆಗಳ ಏಕತ್ರ ಪ್ರಾರ್ಥನೆ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಧರ್ಮಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನನಗೆ ಗೊತ್ತುಮಾಡಿಕೊಟ್ಟಿರುವ ವಿಷಯವನ್ನು ಯಥಾಮತಿ ಅರಿಕೆ ಮಾಡಿಕೊಳ್ಳುವೆನು. ಪಾಠಶಾಲೆಯಲ್ಲಿ ಕೌಮುದಿಯನ್ನೂ ಸಿದ್ಧಾಂತಶಿಖಾಮಣಿಯನ್ನೂ ಓದಿ ಬೆಳೆದವನು ಕ್ರೈಸ್ತರ ಇಗರ್ಜಿಗಳ ಸಂಗತಿಯನ್ನು ಹೇಳಹೊರಡುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಇದು ನೆರೆಮನೆಯ ಸಂಗತಿ; ನೆರೆಮನೆಯವರು ಒಡೆದ ಗೋಡೆಯನ್ನು ಕಟ್ಟುತ್ತಿರುವರೋ, ಇದ್ದ ಗೋಡೆಯನ್ನು ಒಡೆಯುತ್ತಿರುವರೋ ಎಂಬುದನ್ನು ತಿಳಿಯುವ ಕುತೂಹಲವು ತಪ್ಪಲ್ಲವೆಂದು ಭಾವಿಸಿದ್ದೇನೆ.

ಕೆಲವು ವರ್ಷಗಳ ಕೆಳಗೆ, ಜನವರಿ ಮಾಸದ ಒಂದು ಸಾಯಂಕಾಲ, ಕ್ರೈಸ್ತರಾದ ಉಪಾಧ್ಯಾಯ ಮಿತ್ರರೊಬ್ಬರು ನನ್ನನ್ನು ಸಾಗರದಲ್ಲಿ ನಡೆದ ಒಂದು ಪ್ರಾರ್ಥನೆಗೆ ಕರೆದುಕೊಂಡು ಹೋದರು. ಬೇರೆ ಬೇರೆ ಸಭೆಗಳಿಗೆ ಸೇರಿದ ಕ್ರೈಸ್ತರು ಅಲ್ಲಿ ಒಂದೆಡೆ ಕುಳಿತಿದ್ದರು. ಕೊಂಕಣಿಯ ಮನೆಮಾತಿನವರು, ಮಲಯಾಳದವರು, ತಮಿಳರು, ಕನ್ನಡಿಗರು, ಎಲ್ಲರೂ ಇದ್ದರು. ಪ್ರಾರ್ಥನೆ ಮಾತ್ರ ಕನ್ನಡದಲ್ಲಿಯೇ ನಡೆಯಿತು. ಕಡೆಯಲ್ಲಿ, ಯೇಸುವು ತನ್ನ ಶಿಷ್ಯರಿಗೆ ಉಪದೇಶಿಸಿದನೆಂದು ಅವರು ನಂಬುವ ಪ್ರಾರ್ಥನೆಯನ್ನು ಎಲ್ಲರೂ ಎದ್ದು ನಿಂತು ಹೇಳತೊಡಗಿದರು. ಅಲ್ಲಿ ನಾನೊಂದು ವಿಶೇಷವನ್ನು ಕಂಡೆನು. ಪ್ರಾರಂಭದಿಂದಲೇ ಶಬ್ದಗಳು ಅಲ್ಪಸ್ವಲ್ಪ ಭಿನ್ನವಾಗಿದ್ದುವು. ಅರ್ಥವೊಂದೇ, ಪಾಠ ಬೇರೆ. ಕೊನೆಗೆ ಬಂದಾಗ ಅರ್ಧ ಜನರು ನಿಲ್ಲಿಸಿಬಿಟ್ಟರು. ಉಳಿದರ್ಧ ಜನರು ರಾಜ್ಯವೂ ಶಕ್ತಿಯೂ ಮಹಿಮೆಯೂ ದೇವರವೇ ಎಂಬರ್ಥದ ಇನ್ನೊಂದು ವಾಕ್ಯವನ್ನು ಮುಂದುವರಿಸಿದರು. ನಿಲ್ಲಿಸಿದವರು ತಲೆ ಬಾಗಿಸಿ ಕಾದು, ಅವರು ಮುಗಿಸಿದ ಮೇಲೆ ಕೂಡಿ "ಆಮೆನ್" ಎಂದರು.

ಮಿತ್ರರನ್ನು ಕೇಳಲಾಗಿ, ಕ್ಯಾಥೊಲಿಕ್ಕರ ರೂಢಿಯಲ್ಲಿ ಆ ಸ್ತುತಿವಾಕ್ಯವು ಪ್ರಾರ್ಥನೆಯ ಭಾಗವಲ್ಲ, ಪ್ರಾಟೆಸ್ಟಂಟರ ರೂಢಿಯಲ್ಲಿ ಭಾಗವೆಂದು ತಿಳಿಸಿದರು. ಅವರ ಸುವಾರ್ತೆಯ ಅತ್ಯಂತ ಪ್ರಾಚೀನ ಹಸ್ತಪ್ರತಿಗಳಲ್ಲಿ ಆ ವಾಕ್ಯವಿಲ್ಲವಂತೆ. ನಮ್ಮ ಓಲೆಗರಿಗಳಲ್ಲಿ ಪಾಠಾಂತರಗಳಿಗಾಗಿ ಹೋರಾಡಿದ ಪಂಡಿತರನ್ನು ಬಲ್ಲ ನನಗೆ ಇದು ಸೋಜಿಗವಾಗಲಿಲ್ಲ. ಕಾದು ನಿಂತುದು ಸೋಜಿಗವಾಯಿತು.

ಈ ಭೇದಗಳು ಮಲೆನಾಡಿನಲ್ಲಿ ಹುಟ್ಟಿದುವಲ್ಲ. ಒಂದೊಂದೂ ಒಂದೊಂದು ದಾರಿ ಹಿಡಿದು ಬಂದವು. ಮೊದಲನೆಯ ದಾರಿ ಘಟ್ಟದ ಕೆಳಗಿನದು. ಕೆಳದಿಯ ಅರಸರಿಗೂ ಪೋರ್ತುಗೀಸರಿಗೂ ಮೆಣಸು ಅಕ್ಕಿಗಳ ವ್ಯಾಪಾರವೂ ಕಲಹವೂ ಸಂಧಿಯೂ ನಡೆದೇ ಇದ್ದುವು. 1623ರಲ್ಲಿ ರೋಮಾಪುರಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿಯು ಪೋರ್ತುಗೀಸ್ ರಾಯಭಾರಿಯೊಡನೆ ವೆಂಕಟಪ್ಪನಾಯಕನ ರಾಜಧಾನಿಯಾದ ಇಕ್ಕೇರಿಗೆ ಬಂದು, ಅಲ್ಲಿ ಕಂಡ ಜಂಗಮರನ್ನು ಕುರಿತು ಸಹ ತನ್ನ ಪತ್ರಗಳಲ್ಲಿ ಬರೆದಿಟ್ಟಿರುವನು. ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1678ರ ಒಪ್ಪಂದದ ಮೂಲಕ, ಮಿರ್ಜಾನ, ಭಟ್ಕಳ, ಕಲ್ಯಾಣಪುರ ಮೊದಲಾದೆಡೆಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಲಿಂಗಧಾರಿಗಳಾದ ಪ್ರಭುಗಳು ಪರಮತದವರಿಗೆ ದೇವಾಲಯ ಕಟ್ಟಲು ಸ್ಥಳವಿತ್ತ ಸಂಗತಿಯನ್ನು ನಮ್ಮವರು ಆಗಾಗ ಹೆಮ್ಮೆಯಿಂದ ಹೇಳುವುದುಂಟು. ಅದರಲ್ಲಿ ವ್ಯಾಪಾರದ ಲೆಕ್ಕವೂ ಇತ್ತೆಂಬುದನ್ನು ಮರೆಯದೆ ಹೇಳಿದರೆ ಲೇಸು. ಆ ಕರಾವಳಿಯ ಕೊಂಕಣಿ ಕ್ಯಾಥೊಲಿಕ್ಕರ ಕುಟುಂಬಗಳು ತರುವಾಯ ಘಟ್ಟವೇರಿ ಅಡಕೆ, ಕಾಫಿಯ ಸೀಮೆಗಳಲ್ಲಿ ನೆಲಸಿದುವು.

ಎರಡನೆಯದು ಮಿಶನರಿಗಳ ದಾರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಕನ್ನಡಕ್ಕೆ ಮಾಡಿದ ಉಪಕಾರವನ್ನು ವಿಸ್ತರಿಸಬೇಕಾದುದಿಲ್ಲ; ಮೋಗ್ಲಿಂಗನು ಬಸವಪುರಾಣವನ್ನು ಅಚ್ಚು ಹಾಕಿಸಿದನು, ಕಿಟ್ಟೆಲನು 1894ರಲ್ಲಿ ಕೋಶವನ್ನು ಕೊಟ್ಟನು. ಮೈಸೂರು ಸೀಮೆಯ ಶಿವಮೊಗ್ಗೆಯಲ್ಲಿ ಕೆಲಸ ಮಾಡಿದವರು ಅವರಲ್ಲ, ವೆಸ್ಲಿಯನ್ ಮಿಶನ್ನಿನವರು. ಮಿಶನ್ನುಗಳು ತಮ್ಮತಮ್ಮೊಳಗೆ ಸೀಮೆಗಳನ್ನು ಹಂಚಿಕೊಂಡಿದ್ದುವು. ಆದ್ದರಿಂದ ಘಟ್ಟದ ಕೆಳಗಿನ ಕ್ರೈಸ್ತನೊಬ್ಬನು ಆಗುಂಬೆಯನ್ನು ಹತ್ತಿ ತೀರ್ಥಹಳ್ಳಿಗೆ ಬಂದರೆ ಬೇರೊಂದು ಮಿಶನ್ನಿನ ಸೀಮೆಯನ್ನು ಹೊಕ್ಕಂತಾಗುತ್ತಿದ್ದಿತು! ಅವನ ನಂಬಿಕೆ ಬದಲಾಗಿರಲಿಲ್ಲ. ಜರ್ಮನಿಯಲ್ಲಿಯೂ ಇಂಗ್ಲಂಡಿನಲ್ಲಿಯೂ ಎಂದೋ ನಡೆದ ವಾದಗಳ ಫಲವನ್ನು ಈ ಘಟ್ಟದ ಮೇಲಿನ ಒಕ್ಕಲಮಗನು ಹೊರಬೇಕಾಗಿದ್ದಿತು. ಪಾದ್ರಿಗಳ ಕಾಲದ ತೀರ್ಥಹಳ್ಳಿಯ ಪರಿಯನ್ನು ಕುವೆಂಪುರವರು ಮಲೆಗಳಲ್ಲಿ ಮದುಮಗಳು ಕಾದಂಬರಿಯಲ್ಲಿ ಚಿತ್ರಿಸಿರುವುದನ್ನು ತಾವೆಲ್ಲರೂ ಓದಿಯೇ ಇದ್ದೀರಿ.

ಮೂರನೆಯ ದಾರಿ ಕೇರಳದ್ದು. ಇಪ್ಪತ್ತನೆಯ ಶತಮಾನದಲ್ಲಿ ವ್ಯವಸಾಯಕ್ಕಾಗಿ ಕಾಡಂಚಿನ ಭೂಮಿಗೆ ಬಂದ ಸುರಿಯಾನಿ ಕ್ರೈಸ್ತರು ತಮ್ಮ ಪ್ರಾಚೀನ ಪೂಜಾಕ್ರಮವನ್ನು ಸಂಗಡ ತಂದರು. ಅವರಲ್ಲಿಯೂ ಪೋಪರಿಗೆ ವಿಧೇಯರಾದವರು, ಆಗದವರು ಎಂಬ ಭೇದಗಳಿವೆ. ವಿಧೇಯರಾದ ಸೀರೊ ಮಲಬಾರದವರಿಗೆ 2007ರಲ್ಲಿ ಭದ್ರಾವತಿಯಲ್ಲಿ ಪ್ರತ್ಯೇಕ ಧರ್ಮಪ್ರಾಂತವಾಯಿತು. ಲ್ಯಾಟಿನ್ ಕ್ರಮದವರ ಶಿವಮೊಗ್ಗ ಧರ್ಮಪ್ರಾಂತವು 1988ರಲ್ಲಿಯೇ ಆಗಿದ್ದಿತು. ಒಂದೇ ಜಿಲ್ಲೆ, ಒಬ್ಬರೇ ಪೋಪರು, ಇಬ್ಬರು ಬಿಷಪ್ಪರು, ಎರಡು ಪದ್ಧತಿ.

ಇಂತು ಒಡೆದವರು ಕೂಡಲು ಯತ್ನಿಸಿದ ಕಥೆಯು ದೀರ್ಘವಾದುದು. 1919ರಲ್ಲಿ ತರಂಗಂಬಾಡಿಯಲ್ಲಿ ದಕ್ಷಿಣದೇಶದ ಕೆಲವು ಪಾದ್ರಿಗಳು, ಹೆಚ್ಚುಕಡಮೆ ಎಲ್ಲರೂ ಭಾರತೀಯರೇ, ಕೂಡಿಕೊಂಡು, ತಮ್ಮನ್ನು ಬೇರ್ಪಡಿಸಿರುವ ಭೇದಗಳು ತಾವು ಮಾಡಿಕೊಂಡುವಲ್ಲ, ಹೊರಗಿನಿಂದ ಬಂದುವೆಂದು ಸಾರಿದರು. ಅವರಲ್ಲಿ ಮುಖ್ಯರಾದ ಬಿಷಪ್ ಅಜರಯ್ಯನವರು 1945ರ ಮೊದಲನೆಯ ದಿನವೇ ಕಾಲವಾದರು. ತಮ್ಮ ಸಂಕಲ್ಪದ ಫಲವನ್ನು ಕಾಣಲಿಲ್ಲ. 1947ನೆಯ ಇಸವಿ ಸೆಪ್ಟೆಂಬರ್ 27ರಂದು, ದೇಶವು ಸ್ವತಂತ್ರವಾದ ಆರು ವಾರಗಳ ತರುವಾಯ, ಮದರಾಸಿನ ಸೇಂಟ್ ಜಾರ್ಜ್ ದೇವಾಲಯದಲ್ಲಿ ಆಂಗ್ಲಿಕನ್ನರೂ ಮೆಥೊಡಿಸ್ಟರೂ, ಮೊದಲೇ ಐಕ್ಯಹೊಂದಿದ್ದ ಪ್ರೆಸ್ಬಿಟೀರಿಯನ್ ಕಾಂಗ್ರೆಗೇಷನಲ್ ಸಭೆಯವರೂ ಕೂಡಿ ದಕ್ಷಿಣ ಭಾರತ ಸಭೆಯಾಯಿತು. ಸುಮಾರು ಹತ್ತು ಲಕ್ಷ ಜನ. ಮೈಸೂರು ಪ್ರಾಂತಕ್ಕೆ ಬಿಷಪ್ಪರಾದವರ ಹೆಸರು ಗುರುಶಾಂತ. ಹೆಸರು ಕೇಳಿದೊಡನೆ ಈ ಸಭೆಯಲ್ಲಿ ಕೆಲವರ ಕಿವಿ ನಿಮಿರಿರಬಹುದು.

ಇಪ್ಪತ್ತೆಂಟು ವರ್ಷ ಏತಕ್ಕೆ ಹಿಡಿಯಿತು? ದೇವರ ಸ್ವರೂಪದ ವಿಷಯದಲ್ಲಿ ಅವರಿಗೆ ವಾದವಿರಲಿಲ್ಲ. ಗುರುವಿಗೆ ಅಧಿಕಾರ ಕೊಡತಕ್ಕವರಾರು, ಬಿಷಪ್ಪನ ಹಸ್ತದಿಂದ ದೀಕ್ಷೆ ಪಡೆಯದ ಪಾದ್ರಿಯು ಮಾಡಿದ ಸಂಸ್ಕಾರವು ಸಿಂಧುವೋ ಅಸಿಂಧುವೋ, ಇದೇ ವಾದ. ಹಸ್ತಮಸ್ತಕಸಂಯೋಗದ ಪರಂಪರೆಯನ್ನು ಬಲ್ಲ ನಮಗೆ ಇದು ಅರ್ಥವಾಗದ ಮಾತಲ್ಲ. ಯಾರಿಗೂ ಎರಡನೆಯ ಸಲ ದೀಕ್ಷೆಯಿಲ್ಲ, ಮುಂದೆ ಆಗುವವರು ಮಾತ್ರ ಬಿಷಪ್ಪರಿಂದ ಪಡೆಯತಕ್ಕದ್ದೆಂದು ಅವರು ನಿರ್ಣಯಿಸಿಕೊಂಡರು. ಹಿಂದಿನವರನ್ನು ಅಲ್ಲಗಳೆಯದೆ ಮುಂದಿನ ದಾರಿಯನ್ನು ಒಂದುಮಾಡಿದ ಈ ಉಪಾಯವು ಜಾಣತನದ್ದೆಂದು ನನ್ನ ಅಭಿಪ್ರಾಯ. ಎಲ್ಲರೂ ಒಪ್ಪಲಿಲ್ಲ, ನಂದ್ಯಾಲದ ಆಂಗ್ಲಿಕನ್ನರಲ್ಲಿ ಹಲವರು ಹೊರಗೇ ಉಳಿದರು. ಬೀದರ, ಕೋಲಾರಗಳ ಕಡೆಯ ಅಮೆರಿಕನ್ ಮೆಥೊಡಿಸ್ಟರೂ ಸೇರಲಿಲ್ಲ.

ಈ ಸಭೆಯು 1950ರಲ್ಲಿ ರಚಿಸಿಕೊಂಡ ಪೂಜಾಕ್ರಮದಲ್ಲಿ ಶಾಂತಿಯನ್ನು ಕೈಯಿಂದ ಕೈಗೆ ಸಲ್ಲಿಸುವ ವಿಧಿಯೊಂದುಂಟು. ಕೊಡುವವನು ತನ್ನ ಬಲಗೈಯನ್ನು ಪಡೆಯುವವನ ಬಲಗೈಗೆ ಜೋಡಿಸುವನು. ಇಬ್ಬರೂ ತಮ್ಮ ಎಡಗೈಗಳಿಂದ ಅದನ್ನು ಮುಚ್ಚಿಕೊಳ್ಳುವರು. ಇದನ್ನು ಕೇರಳದ ಸುರಿಯಾನಿಗಳಿಂದ ತೆಗೆದುಕೊಂಡರು. ಐಕ್ಯಕ್ಕೆ ಸೇರದೆ ಉಳಿದವರ ಆಚಾರವು ಸೇರಿದವರ ಪೂಜೆಯೊಳಕ್ಕೆ ಬಂದುದು ಹೀಗೆ.

ಕ್ಯಾಥೊಲಿಕ್ಕರಿಗಾದರೋ ಅನ್ಯಸಭೆಗಳವರೊಡನೆ ಕೂಡಿ ಆರಾಧಿಸುವುದು ಬಹುಕಾಲ ನಿಷಿದ್ಧವಾಗಿದ್ದಿತು. 1964ರ ನವೆಂಬರ್ 21ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ ನಿರೂಪದಿಂದ ಐಕ್ಯಕ್ಕಾಗಿ ಕೂಡಿ ಪ್ರಾರ್ಥಿಸುವುದು ಇಷ್ಟವೆಂದಾಯಿತು. ಪೂಜೆಯು ಲ್ಯಾಟಿನ್ನನ್ನು ಬಿಟ್ಟು ದೇಶಭಾಷೆಗೆ ಬಂದುದೂ ಆ ಕಾಲದಲ್ಲಿಯೇ. 1908ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ, ಜನವರಿ 18ರಿಂದ 25ರ ವರೆಗಿನ ಐಕ್ಯಪ್ರಾರ್ಥನೆಯ ಸಪ್ತಾಹಕ್ಕೆ 1968ರಿಂದ ಎರಡು ಪಕ್ಷದವರೂ ಕೂಡಿ ಪಾಠ ಸಿದ್ಧಪಡಿಸುವರು. ನಾನು ಸಾಗರದಲ್ಲಿ ಕಂಡುದು ಆ ದಿನಗಳ ಪ್ರಾರ್ಥನೆಯನ್ನೇ. 2013ರ ಪಾಠವನ್ನು ಭಾರತದ ಕ್ರೈಸ್ತ ವಿದ್ಯಾರ್ಥಿಗಳು ಸಿದ್ಧಪಡಿಸಿ, ತಮ್ಮ ಸಭೆಗಳೊಳಗೂ ಉಳಿದಿರುವ ಜಾತಿಭೇದವನ್ನು ಮರೆಮಾಚದೆ ಎತ್ತಿ ಹೇಳಿದರು.

ಇನ್ನು ಶಬ್ದಗಳ ವಿಷಯವನ್ನು ಸ್ವಲ್ಪ ಹೇಳದಿದ್ದರೆ ನನಗೆ ತೃಪ್ತಿಯಾಗದು. ಪ್ರಾಟೆಸ್ಟಂಟರು "ಕರ್ತನು" ಎನ್ನುವಲ್ಲಿ ಕ್ಯಾಥೊಲಿಕ್ಕರು "ಪ್ರಭು" ಎನ್ನುವರು. ಅವರ "ಸುವಾರ್ತೆ" ಇವರ "ಶುಭಸಂದೇಶ". ಅವರ "ಸಭಾಪಾಲಕ" ಇವರ "ಧರ್ಮಗುರು". ಹಳೆಯ ಕನ್ನಡ ಸತ್ಯವೇದದ "ಯೆಹೋವನು" ಈಚಿನ ಸುಲಭ ಕನ್ನಡದ ಅನುವಾದದಲ್ಲಿ "ಸರ್ವೇಶ್ವರ"ನಾಗಿರುವನು. ಕರ್ತನ ಭೋಜನವೆಂದು ಒಬ್ಬರು ಹೇಳುವುದು ಇನ್ನೊಬ್ಬರಿಗೆ "ಪರಮಪ್ರಸಾದ", ಮತ್ತೊಬ್ಬರಿಗೆ "ಕುರ್ಬಾನ". ಸರ್ವೇಶ್ವರ, ಪ್ರಸಾದ, ಗುರು, ಜಪಸರ ಎಂಬ ಮಾತುಗಳನ್ನು ಇಗರ್ಜಿಯಲ್ಲಿ ಕೇಳಿದಾಗ, ಪರಸ್ಥಳದಲ್ಲಿ ನಮ್ಮೂರಿನವರನ್ನು ಕಂಡಂತಾಯಿತು. ಕನ್ನಡವು ಆ ಮಂದಿಯಲ್ಲಿ ಬಹುಜನರ ಮನೆಮಾತಲ್ಲ. ಆದಕಾರಣವೇ ಅದು ಯಾರೊಬ್ಬರ ಸ್ವತ್ತೂ ಆಗದೆ ಎಲ್ಲರಿಗೂ ಚಾವಡಿಯಾಯಿತು.

ಆದರೆ ಆ ಸಾಯಂಕಾಲ ಪ್ರಸಾದವಿರಲಿಲ್ಲ. ಕೂಡಿ ಹಾಡಿದರು, ಓದಿದರು, ಬೇಡಿಕೊಂಡರು. ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರವನ್ನು ಮಾತ್ರ ಮಾಡಲಿಲ್ಲ. ಕ್ಯಾಥೊಲಿಕ್ಕರೂ ಆರ್ಥೊಡಾಕ್ಸರೂ ಅದನ್ನು ಅನ್ಯಸಭೆಯವರೊಡನೆ ಸಾಮಾನ್ಯವಾಗಿ ಹಂಚಿಕೊಳ್ಳರು. ಅದು ಸಿದ್ಧಿಸಿದ ಐಕ್ಯದ ಗುರುತು, ಐಕ್ಯವಿಲ್ಲದೆ ಹಂಚಿಕೊಂಡರೆ ಸುಳ್ಳಾಗುವುದೆಂದು ಅವರ ವಾದ. ಹಂಚಿಕೊಳ್ಳುತ್ತ ಹೋದರೇ ಐಕ್ಯವಾಗುವುದೆಂದು ಪ್ರಾಟೆಸ್ಟಂಟರಲ್ಲಿ ಬಹುಮಂದಿಯ ವಾದ. ನಾನು ಇದನ್ನು ಷಟ್‌ಸ್ಥಲದ ಕ್ರಮಕ್ಕೆ ಹಚ್ಚಿ ನೋಡಿದೆನು. ಭಕ್ತ, ಮಹೇಶ, ತರುವಾಯ ಪ್ರಸಾದಿ, ಐಕ್ಯವು ಕಟ್ಟಕಡೆಯದು. ನಮ್ಮಲ್ಲಿ ಪ್ರಸಾದವು ದಾರಿಯ ನಡುವಿನದು, ಊರು ಮುಟ್ಟಿದ ಮೇಲಿನದಲ್ಲ. ಅವರ ಸಂಸ್ಕಾರಕ್ಕೂ ನಮ್ಮ ಸ್ಥಲಕ್ಕೂ ಅಂತರವಿದೆಯೆಂಬುದನ್ನು ಬಲ್ಲೆನು. ಹೋಲಿಕೆಯನ್ನು ಎಳೆದು ಹರಿಯಲಾರೆನು.

ಇಷ್ಟು ಹೇಳಿ ಸುಮ್ಮನಾಗಬಹುದಾಗಿದ್ದಿತು. ಆದರೆ ಉಪಾಧ್ಯಾಯ ಮಿತ್ರರು ಅಂದು ಹಿಂದಿರುಗುವಾಗ ದಾರಿಯಲ್ಲಿ, "ಪಂಡಿತರೆ, ತಮ್ಮಲ್ಲಿ ಹೇಗೆ?" ಎಂದು ಕೇಳಿದರು. ನಾನು ಬಾಲ್ಯದಲ್ಲಿ ಓದಿದ ಪಾಠಶಾಲೆಯೊಂದರಲ್ಲಿ ಊಟಕ್ಕೆ ಎರಡು ಸಾಲುಗಳಿದ್ದುವು. ಎರಡು ಸಾಲಿನವರ ಕೊರಳಲ್ಲಿಯೂ ಲಿಂಗವಿದ್ದಿತು. ಬಡಿಸುವ ಅನ್ನವೂ ಒಂದೇ ಕೊಪ್ಪರಿಗೆಯದು. ಮೇಲಿನ ಸಾಲಿನಲ್ಲಿ ಕುಳಿತ ನಾನು ಹನ್ನೊಂದು ವರ್ಷದವನು, ಎದುರು ಸಾಲಿನಲ್ಲಿದ್ದ ಸಹಪಾಠಿಯು ನನಗಿಂತ ಚೆನ್ನಾಗಿ ಶಬ್ದಮಂಜರಿಯನ್ನು ಒಪ್ಪಿಸುತ್ತಿದ್ದನು. ಏಕೆಂದು ನಾನು ಕೇಳಲಿಲ್ಲ. ಎರಡನೆಯ ವರ್ಷ ಅವನು ಬರಲಿಲ್ಲ. ಇದನ್ನು ನಾನು ಮಿತ್ರರಿಗೆ ಅಂದು ಹೇಳಲಿಲ್ಲ. "ನಮ್ಮಲ್ಲಿ ಎಲ್ಲರೂ ಒಂದೇ" ಎಂದುಬಿಟ್ಟೆನು. ಅವರು, "ಹಾಗಾದರೆ ತಾವೇ ಪುಣ್ಯವಂತರು" ಎಂದರು.

ಆ ಮಿತ್ರರು ಇಂದು ಈ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುವರು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಅವರ ಎದುರಿಗೇ ಕೊಟ್ಟಂತಾಯಿತು. ಉಪನ್ಯಾಸವು ಮುಗಿದೊಡನೆ ದಾಸೋಹದ ಗಂಟೆಯಾಗುವುದೆಂದು ಕಾರ್ಯಕರ್ತರು ಸೂಚಿಸುತ್ತಿರುವರು. ಅವರು ನನ್ನ ಪಕ್ಕದ ಎಲೆಗೆ ಬರಬೇಕೆಂದು ಈ ವೇದಿಕೆಯಿಂದಲೇ ಬಿನ್ನವಿಸಿ, ನನ್ನ ಮಾತುಗಳನ್ನು ನಿಲ್ಲಿಸುವೆನು.