ಅಲಗಿನ ಹದ: ಕುಲುಮೆಯೋ, ವಿದ್ಯುತ್ತಿನ ಒಲೆಯೋ?

ಕುಡುಗೋಲಾಗಲಿ ಚೂರಿಯಾಗಲಿ, ಬಡಿದು ರೂಪಗೊಳಿಸಿದ ಮಾತ್ರಕ್ಕೆ ಅದು ಉಪಯೋಗಕ್ಕೆ ಬಾರದು. ಹದವಿಲ್ಲದ ಅಲಗು ಬಾಗುವುದು. ಹದ ಮೀರಿದುದು ಗಾಜಿನಂತೆ ಸಿಡಿಯುವುದು. ಅಂಗಡಿಯಲ್ಲಿ ಎರಡೂ ಒಂದೇ ತೆರನಾಗಿ ಹೊಳೆಯುತ್ತವೆ. ದೋಷ ಹೊರಬೀಳುವುದು ಕೊಂಡವನ ಕೈಯಲ್ಲಿ, ಕೆಲಸದ ನಡುವೆ. ಆದುದರಿಂದ ಹದವನ್ನು ಕುಲುಮೆಯಲ್ಲಿ ಕೊಡುವುದು ಮೇಲೋ, ವಿದ್ಯುತ್ತಿನ ಒಲೆಯಲ್ಲಿ ಕೊಡುವುದು ಮೇಲೋ ಎಂಬ ಪ್ರಶ್ನೆ ಕಮ್ಮಾರರಿಗೆ ಮಾತ್ರ ಸೇರಿದುದಲ್ಲ.

ಮೊದಲು ಹದವೆಂದರೇನೆಂಬುದನ್ನು ನೋಡೋಣ. ಉಕ್ಕು ಕಬ್ಬಿಣ ಮತ್ತು ಇಂಗಾಲಗಳ ಕೂಟ. ನೂರಕ್ಕೆ ಸುಮಾರು 0.8 ಪಾಲು ಇಂಗಾಲವಿರುವ ಉಕ್ಕನ್ನು 727 ಡಿಗ್ರಿ ಸೆಂಟಿಗ್ರೇಡಿನಿಂದ ಮೇಲಕ್ಕೆ ಕಾಯಿಸಿದರೆ ಅದರ ಹರಳುಗಳ ಜೋಡಣೆ ಬದಲಾಗಿ, ಇಂಗಾಲವು ಕಬ್ಬಿಣದಲ್ಲಿ ಕರಗುವುದು. ಆಗ ಅದನ್ನು ಎಣ್ಣೆಯಲ್ಲಿ ಅದ್ದಿದರೆ ಇಂಗಾಲಕ್ಕೆ ಬೇರ್ಪಡಲು ಅವಕಾಶವಿಲ್ಲದೆ ಒಳಗೇ ಸೆರೆಯಾಗುವುದು. ಈ ಕಠಿನ ರಚನೆಗೆ ಜರ್ಮನಿಯ ಆಡಾಲ್ಫ್ ಮಾರ್ಟೆನ್ಸರ (1850–1914) ಹೆಸರಿನಿಂದ ಮಾರ್ಟೆನ್ಸೈಟ್ ಎನ್ನುತ್ತಾರೆ. ಆದರೆ ಅದು ಬಿರುಸು. ಆದುದರಿಂದ ಅಲಗನ್ನು ಮತ್ತೆ ಸುಮಾರು 200 ಡಿಗ್ರಿಗೆ ಕಾಯಿಸಿ, ಕೊಂಚ ಕಾಠಿನ್ಯವನ್ನು ಬಿಟ್ಟುಕೊಟ್ಟು, ತಾಳಿಕೆಯನ್ನು ಪಡೆಯಬೇಕು.

ಕುಲುಮೆಯ ಬೆಂಕಿ ಎಲ್ಲೆಡೆಯೂ ಒಂದೇ ಸಮನಲ್ಲ. ತೆಳುವಾದ ಮೊನೆ ಬೇಗ ಕಾಯುವುದು, ದಪ್ಪನೆಯ ಬೆನ್ನು ಹಿಂದೆ ಬೀಳುವುದು. ಶಾಖ ಕಡಮೆಯಾದರೆ ಉಕ್ಕು ಗಡುಸಾಗದು. ಹೆಚ್ಚಾದರೆ ಹರಳುಗಳು ದಪ್ಪಗಾಗಿ ಅಲಗು ಮುರಿಯುವುದು. ಕಮ್ಮಾರನ ಅಳತೆಗೋಲು ಬಣ್ಣ. ಆ ಬಣ್ಣವೂ ಬಿಸಿಲಿನಲ್ಲಿ ಮಂಕಾಗಿ, ಕತ್ತಲೆಯಲ್ಲಿ ಉಜ್ಜ್ವಲವಾಗಿ ತೋರುವುದರಿಂದಲೇ ಅವನು ನೆರಳನ್ನು ಬಯಸುವುದು. ಅವನಿಗೆ ಇನ್ನೊಂದು ಸಹಾಯವುಂಟು: ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣವನ್ನು ಅಯಸ್ಕಾಂತವು ಸೆಳೆಯದು. ಅದಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ ಅದ್ದಿದರೆ ಸಾಮಾನ್ಯ ಉಕ್ಕಿಗೆ ಸಾಕು.

ಒಲೆಯಲ್ಲಿಯಾದರೋ ಶಾಖವು ಗೊತ್ತುಮಾಡಿದ ಅಂಕೆಯಲ್ಲಿ ನಿಲ್ಲುವುದು. ಹತ್ತು ಅಲಗುಗಳೂ ಒಂದೇ ಹದ ಪಡೆಯುವುವು. ಕ್ರೋಮಿಯಂ ಸೇರಿದ, ತುಕ್ಕು ಹಿಡಿಯದ ಉಕ್ಕಿಗೆ 1000 ಡಿಗ್ರಿಗೂ ಮಿಗಿಲಾದ ಶಾಖವನ್ನು ಹಲವು ನಿಮಿಷ ಕದಲದಂತೆ ಹಿಡಿಯಬೇಕು. ಅಲ್ಲಿ ಕಣ್ಣಿನ ಅಂದಾಜು ಸಾಲದು. ಒಲೆಯಲ್ಲಿಯೂ ದೋಷವಿಲ್ಲದಿಲ್ಲ. ಬಹಳ ಹೊತ್ತು ಕಾದ ಅಲಗಿನ ಮೇಲ್ಮೈಯಲ್ಲಿ ಗಾಳಿಯಿಂದ ಇಂಗಾಲ ಸುಟ್ಟುಹೋಗಿ, ಹೊಟ್ಟು ಏಳುವುದು. ಮೇಲಾಗಿ ಉಷ್ಣಮಾಪಕ ತಿಳಿಸುವುದು ಒಲೆಯ ಶಾಖವನ್ನು, ಅಲಗಿನ ಒಳಗಿನದನ್ನಲ್ಲ.

ಒಂದೊಂದು ಉಕ್ಕಿಗೂ ಅದರದೇ ಹದವೆಂಬುದಕ್ಕೆ ನಮ್ಮ ನಾಡಿನದೇ ನಿದರ್ಶನವುಂಟು. ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಕುರಿತು ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನು ಒಪ್ಪಿಸಿದರು. ಅದರ ವೂಟ್ಜ್ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನ ರೂಪಾಂತರವೆಂದು ಹಲವರ ಅಭಿಪ್ರಾಯ. ನೂರಕ್ಕೆ ಸುಮಾರು 1.5 ಪಾಲು ಇಂಗಾಲವಿದ್ದ ಈ ಉಕ್ಕು, ಸಾಧಾರಣ ಕಬ್ಬಿಣದಂತೆ ಬೆಳ್ಳಗೆ ಕಾಯಿಸಿ ಬಡಿದರೆ ಪುಡಿಯಾಗುತ್ತಿತ್ತು. ಕೆಂಪು ಶಾಖದಲ್ಲಿ ತಾಳ್ಮೆಯಿಂದ ಬಡಿದವರಿಗೆ ಮಾತ್ರ ಒಲಿಯುತ್ತಿತ್ತು.

ಆದುದರಿಂದ ನಮ್ಮ ನಿರ್ಣಯವಿದು. ಸಾಮಾನ್ಯ ಉಕ್ಕಿಗೆ ಪಳಗಿದ ಕಣ್ಣೂ ಅಯಸ್ಕಾಂತವೂ ಇದ್ದರೆ ಕುಲುಮೆ ಸಾಕು. ಮಿಶ್ರ ಉಕ್ಕಿಗೆ ಒಲೆಯೇ ಬೇಕು. ಎರಡನೆಯ ಸಲದ ಮೆಲುಶಾಖಕ್ಕಂತೂ, ಕುಲುಮೆಯುಳ್ಳವನಿಗೂ, ರೊಟ್ಟಿ ಬೇಯಿಸುವ ಸಣ್ಣ ಒಲೆಯೊಂದು ಉಪಕಾರಿ. ಯಾವ ಬೆಂಕಿಯಾದರೂ ಅದ್ದಿ ತೆಗೆದ ಅಲಗಿನ ಮೇಲೆ ಅರವನ್ನು ಎಳೆದು ನೋಡತಕ್ಕದ್ದು: ಅರ ಕಚ್ಚದೆ ಜಾರಿದರೆ ಉಕ್ಕು ಗಡುಸಾಯಿತು, ಕಚ್ಚಿದರೆ, ಒಲೆಯ ಅಂಕೆ ಏನನ್ನೇ ಹೇಳಲಿ, ಕೆಲಸ ಮತ್ತೆ ಮೊದಲಿನಿಂದ.