ಕಿಟಕಿಯ ಬೆಳ್ಳಿ ನಕ್ಷತ್ರ



ಇಂದು ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬ. ಇದೇ ದಿನವನ್ನು ಗಾಯಾಳು ಯೋಧರ ಬೆಳ್ಳಿ ನಕ್ಷತ್ರದ ದಿನವಾಗಿ ಆಚರಿಸಲು 2010ರಲ್ಲಿ ಅಮೆರಿಕದ ಪ್ರತಿನಿಧಿ ಸಭೆ ಬೆಂಬಲ ಸೂಚಿಸಿತು.

1917ರಲ್ಲಿ ಒಹಾಯೊದ ಕ್ಯಾಪ್ಟನ್ ರಾಬರ್ಟ್ ಕ್ವೈಸ್ನರ್ ಸೈನ್ಯದಲ್ಲಿದ್ದ ತಮ್ಮ ಇಬ್ಬರು ಪುತ್ರರಿಗಾಗಿ ಒಂದು ಪತಾಕೆ ರೂಪಿಸಿದರು. ಕೆಂಪು ಅಂಚು, ಬಿಳಿ ನಡು, ಸೇವೆಯಲ್ಲಿರುವ ಪ್ರತಿಯೊಬ್ಬರಿಗೂ ಒಂದು ನೀಲಿ ನಕ್ಷತ್ರ. ಮಡಿದರೆ ಅದರ ಮೇಲೆ ಚಿನ್ನದ ನಕ್ಷತ್ರ. ಕಿಟಕಿ ನೋಡಿದರೆ ಸಾಕು, ಆ ಮನೆಯ ತಾಯಿಯ ಸ್ಥಿತಿ ನೆರೆಯವರಿಗೆ ತಿಳಿಯುತ್ತಿತ್ತು. ಆದರೆ ಕಾಲು ಕಳೆದುಕೊಂಡು ಬಂದವನಿಗೆ? ರಾತ್ರಿ ಬೆಚ್ಚಿಬೀಳುವವನಿಗೆ? ಬೆಳ್ಳಿ ನಕ್ಷತ್ರ ಅವನಿಗಾಗಿ.

ನಾವೂ ಅಷ್ಟೇ. ಮಡಿದ ಯೋಧನ ಪಾರ್ಥಿವ ಶರೀರ ಊರಿಗೆ ಬಂದರೆ ಬೀದಿ ತುಂಬುತ್ತೇವೆ. ಊರುಗೋಲಿನಲ್ಲಿ ಬಂದವನನ್ನು ‘ಪಿಂಚಣಿ ಬರುತ್ತದಲ್ಲ?’ ಎಂದು ಕೇಳಿ ಮುಂದೆ ಹೋಗುತ್ತೇವೆ. ಸಂತ ಜೋಸೆಫರ ಹಾಗೆ ಸದ್ದಿಲ್ಲದೆ ಮನೆ ಹೊರುವ ಅವನ ಹೆಂಡತಿಯನ್ನಂತೂ ಯಾರೂ ವಿಚಾರಿಸುವುದಿಲ್ಲ.

ಪುನರುತ್ಥಾನರಾದ ಪ್ರಭು ತಮ್ಮ ಗಾಯಗಳನ್ನು ಮುಚ್ಚಿಡಲಿಲ್ಲ, ತೋಮನಿಗೆ ತೋರಿಸಿದರು. ಇಂದು ಬಲಿಪೂಜೆಯ ಬಳಿಕ ಕೊನೆಯ ಬೆಂಚಿನಲ್ಲಿ ಕೂರುವ ಅಂಥವರೊಬ್ಬರ ಪಕ್ಕ ಹೋಗಿ ಕೂರೋಣ. ಗಾಯ ಹೇಗಾಯಿತೆಂದು ಕೇಳುವುದು ಬೇಡ. ಮನೆಯಾಕೆ ಹೇಗಿದ್ದಾರೆ ಎಂದು ಕೇಳೋಣ.